ಕಲಬುರಗಿ ಬಿಸಿಲಿಗೆ ಶಾಖ ಹೀರೋ ನ್ಯಾನೊ ಬಟ್ಟೆ ನಡೀತದೇನ್ರಿ?

ತೊಗರಿ_ಕಣಜ: ಕೋಆಕ್ಸಿಯಲ್ ಎಲೆಕ್ಟ್ರೋಸ್ಪಿನ್ನಿಂಗ್‌ದಾಗ (ಸೂಜಿಯೊಳಗ ಸೂಜಿ ಇಟ್ಟು, ಹೈ ವೋಲ್ಟೇಜಿನಿಂದ ಸಣ್ಣ ಎಳೆ ಎಳೆಯೋದು) ಎಳೆ ಮಾಡಾಕತ್ತೀನಿ: ಒಳಗ ಕರಗುವಾಗ ಶಾಖ ಹೀರೋ ಮೇಣ ಆಕ್ಟಾಡೆಕೇನ್, ಹೊರಗ ಪಿವಿಡಿಎಫ್ ಅನ್ನೋ ಪ್ಲಾಸ್ಟಿಕ್. ಎಸಿ ರೂಮಿನ್ಯಾಗ ಸೂಜಿ ಕಟ್ಟಿಕೊಳ್ತದ, ಎಳೆ ಮಣಿಮಣಿ ಆಗ್ತದ. ಏನ್ ಮಾಡಬೇಕ್ರಿ?

ಶಹಾಬಾದ್_ಕಲ್ಲು: ಆಕ್ಟಾಡೆಕೇನ್ 28 ಡಿಗ್ರಿಗೇ ಗಟ್ಟಿ ಆಗ್ತದ್ರಿ. ಸಿರಿಂಜ್ ಒಂದೇ ಕಾಸಿದ್ರ ಸಾಲಲ್ಲ, ಪೈಪು, ಸೂಜಿನೂ 40ರ ಸುಮಾರಿಗೆ ಇಡ್ರಿ. ಮಣಿ ಬೀಳೋದು ಒಳಹರಿವು ಜಾಸ್ತಿ ಆದ್ರ, ಇಲ್ಲಾ ಹೊರಗಿನ ದ್ರಾವಣ ತೆಳ್ಳಗಿದ್ರ. ಹೊರಗ ಗಂಟೆಗೆ 1 ಮಿಲಿ ಇದ್ರ ಒಳಗ 0.2ರಿಂದ ಶುರು ಮಾಡ್ರಿ. ಆಮ್ಯಾಲ ಸೋಸುಕಾಗದದ ಮ್ಯಾಲ 60 ಡಿಗ್ರಿ ಓವನ್‌ನಾಗಿಟ್ಟು ನೋಡ್ರಿ. ಎಣ್ಣೆ ಕಲೆ ಬಿದ್ರ ಸೋರಿಕೆ ಅದ ಅಂತನೇ.

ಬಿಸಿಲೂರು: ಲೆಕ್ಕನೂ ಹಾಕ್ರಿ. 100 ಗ್ರಾಂ ಬಟ್ಟ್ಯಾಗ 30 ಗ್ರಾಂ ಮೇಣ, ಕರಗುವಾಗ ಹೀರೋದು ಗ್ರಾಂಗೆ ಸುಮಾರು 240 ಜೂಲ್: ಒಟ್ಟು 7.2 ಕಿಲೋಜೂಲ್. ಸುಮ್ನ ಕುಂತ ಮೈಯ ಶಾಖ 100 ವ್ಯಾಟ್ ಹಿಡಿದ್ರ 72 ಸೆಕೆಂಡ್ ಅಷ್ಟೇ! ಮ್ಯಾಲ ಮೇ ತಿಂಗಳ ಸೆಕಿ ರಾತ್ರಿ 28ರ ಕೆಳಗ ಇಳೀದಿದ್ರ ಮೇಣ ಮತ್ತ ಗಟ್ಟಿನೇ ಆಗಲ್ಲ.

ತೊಗರಿ_ಕಣಜ: ಹಂಗಾದ್ರ 36–37ಕ್ಕ ಕರಗೋ ಐಕೋಸೇನ್ ಮೇಣ ಹಾಕಿದ್ರ?

ಬಿಸಿಲೂರು: ರಾತ್ರಿ ಗಟ್ಟಿ ಆಗ್ತದ, ಖರೆ. ಆದ್ರ ಚರ್ಮನೇ 33–35 ಇರ್ತದಲ್ರಿ, ಮೈಗೆ ತಂಪು ಅನಿಸಲ್ಲ. ಹೊರಗಿನ ಬಿಸಿ ತಡಿಲಿಕ್ಕಷ್ಟೇ ಬಳಸ್ರಿ.