ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಗುಂಡಿನ ಸದ್ದಿಗೆ ಮುದಿ ನಾಯಿ ನಡುಗುತ್ತೆ, ಏನು ಮಾಡೋದು?

ಪ್ರಶ್ನೆ: ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಮನೆಯಿಂದ ಕೂಗಳತೆ ದೂರದಲ್ಲಿ. ನಾಯಿಗೆ 13 ವರ್ಷ, ಹಿಂಗಾಲು ಸೋತಿದೆ. ಜೊತೆಗೆ, ಯಾರಾದ್ರೂ ಸಾಕೋರು ಸಿಗೋವರೆಗೆ ಇಟ್ಕೊಂಡಿರೋ ಬೀದಿಮರಿ ಒಂದು.

ಉತ್ತರ: ಅಂಗಳದಲ್ಲಿ ಸರಪಳಿ ಹಾಕಿ ಬಿಡಲೇಬೇಡಿ, ಬೆದರಿ ಎಳೆದಾಡಿ ಕೊರಳಿಗೇ ಸುತ್ಕೊಳ್ಳುತ್ತೆ. ಮೊದಲ ಗುಂಡಿಗೂ ಮುಂಚೆ ಹೊರಗೆ ತಿರುಗಿಸಿ ತಂದು ಒಳಕೋಣೆಗೆ ಸೇರಿಸಿ. ಕಿಟಕಿ ಮುಚ್ಚಿ, ಫ್ಯಾನು, ರೇಡಿಯೊ ಹಾಕಿ. ಕಾವಿ ನೆಲವಾದ್ರೆ ಗೋಣಿಚೀಲ ಹಾಸಿ. ಗಾಬರಿಯಲ್ಲಿ ಎದ್ದಾಗ ಹಿಂಗಾಲು ಜಾರೋದೇ ದೊಡ್ಡ ಅಪಾಯ. ಬೆರಳ ಸಂದಿಯ ಕೂದಲು ಕತ್ತರಿಸಿದ್ರೆ ಹಿಡಿತ ಸಿಗುತ್ತೆ.

ಉತ್ತರ: ಮಂಪರು ಬರಿಸೋ ಏಸ್‌ಪ್ರೊಮಝೀನ್ ಮಾತ್ರೆ ಒಂದನ್ನೇ ಕೊಟ್ರೆ ಮೈ ಜೋಲುತ್ತೆ, ಭಯ ಹಾಗೇ ಇರುತ್ತೆ. ಭಯ ತಗ್ಗಿಸೋ ಗ್ಯಾಬಪೆಂಟಿನ್ ಅಥವಾ ಟ್ರಾಜೊಡೋನ್ ಬಗ್ಗೆ ಪಶುವೈದ್ಯರನ್ನ ಕೇಳಿ. ಸದ್ದಿಗೆ ಸುಮಾರು 2 ಗಂಟೆ ಮುಂಚೆ ಕೊಡೋದು. ಸ್ಪರ್ಧೆಗೂ ಮೊದಲೇ ಒಂದು ದಿನ ಕೊಟ್ಟು ನೋಡಿ, ಮುದಿ ನಾಯಿ ತೂರಾಡಬಹುದು. ಗ್ಯಾಬಪೆಂಟಿನ್ ದ್ರವ ಬೇಡ, ಕೆಲವದರಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿಕಾರಕ ಇರುತ್ತೆ, ನಾಯಿಗೆ ವಿಷ. ಕಾಲುನೋವಿಗೆ ಅಂತ ಮನೇಲಿರೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಲೇಬೇಡಿ: ಹೊಟ್ಟೇಲಿ ಹುಣ್ಣು, ಕಿಡ್ನಿಗೆ ಪೆಟ್ಟು.

ಉತ್ತರ: ಮರಿಗೆ ಬೇರೆ ಕೋಣೆ, ಬೇರೆ ತಟ್ಟೆ. ಬೆಲ್ಟಿನೊಳಗೆ ಎರಡು ಬೆರಳು ಹಿಡಿಸಿದ್ರೆ ಸರಿ. ಸಡಿಲವಾದ್ರೆ ತಲೆ ಕಳಚಿಕೊಂಡು ತೋಟಕ್ಕೆ ಓಡುತ್ತೆ. ಹೆದರಿದಾಗ ಸವರಿದ್ರೆ ಭಯ ಹೆಚ್ಚುತ್ತೆ ಅನ್ನೋದು ಸುಳ್ಳು, ಧಾರಾಳವಾಗಿ ಸವರಿ.