ಸಹಾಯ ಬೇಕು: ಟ್ರೇಲರ್ ಬ್ರೇಕ್ ಲೋಡ್ ಇದ್ದಾಗ ಸಾಲಲ್ಲ, ಖಾಲಿ ಇದ್ದಾಗ ಜಾಮ್

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಕಡೆ. ಟ್ರ್ಯಾಕ್ಟರ್ ಟ್ರೇಲರಿಗೆ ಏರ್ ಬ್ರೇಕ್ ಇದೆ. ಗೋವಿನಜೋಳ ತುಂಬಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ಮೊದಲು ಹಿಡಿಯುತ್ತದೆ, ಟ್ರೇಲರ್ ಹಿಂದಿನಿಂದ ನೂಕುತ್ತದೆ. ಖಾಲಿ ಬರುವಾಗ ಗಾಲಿ ಜಾಮ್ ಆಗಿ ಡಾಂಬರಿನ ಮೇಲೆ ಕರಿ ಗೆರೆ ಬೀಳುತ್ತದೆ, ಅದೂ ಎಡಗಡೆ ಮಾತ್ರ.

ಟ್ರ್ಯಾಕ್ಟರಿನ ಎಡ-ಬಲ ಗಾಲಿಯ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕಿಯೇ ರೋಡಿಗೆ ಇಳಿಯೋದು, ಅದನ್ನು ಕೇಳಬೇಡಿ. ಏರ್ ಟ್ಯಾಂಕಿನಲ್ಲಿ ಸೇರಿದ್ದ ನೀರು ಹೊರಗೆ ಬಿಟ್ಟಾಗಿದೆ. ಪೈಪ್ ಜಾಯಿಂಟಿಗೆ ಸಾಬೂನು ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ಆದರೆ ಗಾಲಿಗೆ ಕಲ್ಲು ಕೊಟ್ಟು, ತಮ್ಮನಿಗೆ ಪೆಡಲ್ ಒತ್ತಲು ಹೇಳಿ ಕೆಳಗೆ ಬಗ್ಗಿ ನೋಡಿದರೆ, ಬಲಗಡೆ ಬ್ರೇಕ್ ಚೇಂಬರಿನ (ಗಾಳಿಯ ಒತ್ತಡದಿಂದ ಬ್ರೇಕ್ ತಳ್ಳುವ ಡಬ್ಬಿ) ರಾಡ್ ಎಡಗಡೆಯದಕ್ಕಿಂತ ಜಾಸ್ತಿ ಹೊರಗೆ ಬರುತ್ತದೆ.

ಮಿಸ್ತ್ರಿ "ಎರಡೂ ಕಡೆ ಸ್ಲ್ಯಾಕ್ ಅಡ್ಜಸ್ಟರ್ ಟೈಟ್ ಮಾಡಿದ್ರೆ ಆಯ್ತು" ಅಂತಾರೆ (ಆ ರಾಡ್ ಮತ್ತು ಬ್ರೇಕ್ ನಡುವಿನ, ಸಡಿಲ ಹೊಂದಿಸುವ ತೋಳು ಅದು). ಬಲಗಡೆಗೆ ಸರಿ. ಎಡಗಡೆ ಈಗಲೇ ಜಾಮ್ ಆಗ್ತಿದೆ ಅಲ್ವಾ? ಪೂರ್ತಿ ಟೈಟ್ ಮಾಡಿ ಆಮೇಲೆ ಎಷ್ಟು ಸಡಿಲ ಬಿಡಬೇಕು? ಖಾಲಿ, ಅರ್ಧ, ಫುಲ್ ಅಂತ ಕೈಯಿಂದ ತಿರುಗಿಸಿ ಲೋಡಿಗೆ ತಕ್ಕಂತೆ ಬ್ರೇಕಿನ ಗಾಳಿ ಒತ್ತಡ ಹೊಂದಿಸುವ ಲೋಡ್ ವಾಲ್ವ್ ಹಾಕಿಸಿದವರು ಯಾರಾದರೂ ಇದ್ದೀರಾ? ರಾಣೆಬೆನ್ನೂರು, ಹುಬ್ಬಳ್ಳಿ ಕಡೆ ಇದನ್ನು ತಿಳಿದು ಮಾಡುವವರಿದ್ದರೂ ಹೇಳಿ. ಬ್ಯಾಡಗಿಗೆ ಮೆಣಸಿನಕಾಯಿ ಹೊರೋ ಸೀಸನ್ ಶುರುವಾಗೋದರೊಳಗೆ ರಿಪೇರಿ ಮುಗಿಸಬೇಕು. ಮೋಟೆಬೆನ್ನೂರು ಹತ್ತಿರ ಹೈವೇ ಮೇಲೆ ಈ ಬ್ರೇಕ್ ನಂಬಿ ಹೋಗೋಕೆ ಆಗಲ್ಲ.