‘ದುರ್ಗಾಸ್ತಮಾನ’ ಹೇಗೆ ಓದಿದ್ರಿ ಅಂತ ಕೇಳಿದವರಿಗೆ

ದಾವಣಗೆರೆಯ ತಂಗಿಯೊಬ್ಬರು ಕೇಳಿದ್ದಾರೆ: ತ.ರಾ.ಸು. ಅವರ ಐತಿಹಾಸಿಕ ಕಾದಂಬರಿ ‘ದುರ್ಗಾಸ್ತಮಾನ’ ಹಿಡಿದಿದ್ದೇನೆ, ಹೆಸರುಗಳೆಲ್ಲ ಕಲಸಿಹೋಗ್ತಿವೆ, ಬಿಡೋಕೂ ಮನಸ್ಸಿಲ್ಲ, ನೀವೆಲ್ಲ ಹೇಗೆ ಓದಿದ್ರಿ? ನಾನು ಚಿತ್ರದುರ್ಗದವಳು. ನನ್ನದರ ಜೊತೆ ನಮ್ಮ ಮನೆಯವರ ಅನುಭವವನ್ನೂ ಸೇರಿಸಿ ಹೇಳುತ್ತೇನೆ.

ಎಲ್ಲ ಹೆಸರೂ ನೆನಪಿರಬೇಕು ಅಂತ ಹಟ ಹಿಡಿಯಬೇಡಿ. ಶುರುವಿನಲ್ಲಿ ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕ, ಓಬವ್ವ ನಾಗತಿ, ಪ್ರಧಾನಿ ಕಳ್ಳಿ ನರಸಪ್ಪಯ್ಯ, ಇಷ್ಟು ಜನ ಗಟ್ಟಿಯಾದರೆ ಸಾಕು. ಉಳಿದವರು ಇವರ ಸುತ್ತಮುತ್ತಲೇ ಬರುತ್ತಾರೆ, ಹೋಗುತ್ತಾರೆ. ಒಂದು ಗೊಂದಲ ಮಾತ್ರ ಮೊದಲೇ ಬಿಡಿಸಿಕೊಳ್ಳಿ. ಓಬವ್ವ ನಾಗತಿ ಅಂದರೆ ಒನಕೆ ಓಬವ್ವ ಅಲ್ಲ. ಒನಕೆ ಓಬವ್ವ ಕಾವಲುಗಾರನ ಹೆಂಡತಿ. ನಾಗತಿ ಅರಮನೆಯ ಹಿರಿಯ ತಾಯಿ, 1754ರಲ್ಲಿ ಇನ್ನೂ ಹುಡುಗನಾಗಿದ್ದ ಮದಕರಿಯನ್ನು ಪಟ್ಟಕ್ಕೆ ತಂದವರು. ನಮ್ಮೂರಿನವರೇ ಎಷ್ಟೋ ಜನ ಇಲ್ಲಿ ತಬ್ಬಿಬ್ಬಾಗುತ್ತಾರೆ.

ನನಗೆ ಈ ಕಾದಂಬರಿ ನಿಜಕ್ಕೂ ಹತ್ತಿದ್ದು ಗಟ್ಟಿಯಾಗಿ ಓದಲು ಶುರು ಮಾಡಿದ ಮೇಲೆ. ನಮ್ಮ ಅತ್ತೆಗೆ ಸಣ್ಣ ಅಕ್ಷರ ಕಾಣಲ್ಲ. ಮಧ್ಯಾಹ್ನ ಅವರು ಅವರೆಕಾಯಿ ಸುಲಿಯುತ್ತಾ ಕೂತರೆ ನಾನು ಓದುತ್ತಿದ್ದೆ. ಕಣ್ಣಲ್ಲಿ ಓದುವಾಗ ಭಾರ ಅನ್ನಿಸಿದ್ದ ದರ್ಬಾರಿನ ಮಾತುಗಳು ಬಾಯಲ್ಲಿ ಸಲೀಸಾಗಿ ಬಂದವು. ಯಾರು ಯಾರಿಗೆ ಎಷ್ಟು ಮರ್ಯಾದೆ ಕೊಟ್ಟು ಮಾತಾಡ್ತಾರೆ ಅನ್ನೋದರಿಂದಲೇ ಅವರ ಸಂಬಂಧ ಗೊತ್ತಾಗಿಬಿಡುತ್ತೆ, ಹೆಸರು ಮರೆತರೂ ಪರವಾಗಿಲ್ಲ. ಒಂದು ಸಲ ಅತ್ತೆ ಕೈಯಲ್ಲಿದ್ದ ಕಾಯಿ ಹಾಗೇ ಬಿಟ್ಟು, ‘ಅಷ್ಟು ಸಣ್ಣ ಹುಡುಗನ ತಲೆ ಮೇಲೆ ಇಷ್ಟು ದೊಡ್ಡ ದುರ್ಗ ಹೊರಿಸಿದರಲ್ಲೇ’ ಅಂದರು. ನನಗೆ ಇಡೀ ಪುಸ್ತಕ ಆ ಮಾತಿನಿಂದ ತೆರೆದುಕೊಂಡಿತು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರಾಲಿ. ಯಾರ ಜೊತೆ ನಿಂತರೂ ಇನ್ನೊಬ್ಬರ ಸಿಟ್ಟು ತಪ್ಪಿದ್ದಲ್ಲ. ಮದಕರಿಯ ಶೌರ್ಯಕ್ಕಿಂತ ಈ ಇಕ್ಕಟ್ಟು ನನ್ನನ್ನು ಜಾಸ್ತಿ ಕಾಡಿದ್ದು.

ಅರ್ಧ ಓದಿದ ಮೇಲೆ ಒಮ್ಮೆ ಕೋಟೆಗೆ ಬನ್ನಿ. ದಾವಣಗೆರೆಯಿಂದ ಬಸ್ಸಿಗೇನೂ ಕಷ್ಟವಿಲ್ಲ. ಬೆಳಿಗ್ಗೆ ಬೇಗ ಹತ್ತಿ, ಆಮೇಲೆ ಬಂಡೆ ಕಾಯುತ್ತೆ. ಮದ್ದು ಬೀಸುವ ಕಲ್ಲುಗಳ ಹತ್ತಿರ ಎಲ್ಲರೂ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ, ನೀವು ಸ್ವಲ್ಪ ನಿಲ್ಲಿ. ಯುದ್ಧ ಅಂದರೆ ಕತ್ತಿ ಝಳಪಿಸೋದಷ್ಟೇ ಅಲ್ಲ, ಅದರ ಹಿಂದೆ ವರ್ಷಗಟ್ಟಲೆ ಮದ್ದು ಅರೆಯೋರು, ನೀರು ಕಾಯೋರು, ಕಾಳು ಕೂಡಿಡೋರು ಇದ್ದರು ಅಂತ ಅಲ್ಲಿ ಅರ್ಥವಾಗುತ್ತೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಏಕನಾಥೇಶ್ವರಿ ಗುಡಿ ಎಲ್ಲ ನೋಡಿ ವಾಪಸ್ ಹೋಗಿ ಓದಿದರೆ ಪ್ರತಿ ದೃಶ್ಯಕ್ಕೂ ಒಂದು ಜಾಗ ಸಿಗುತ್ತೆ. ನನ್ನ ತಮ್ಮ ಮಾತ್ರ ಇದಕ್ಕೆ ಒಪ್ಪಲ್ಲ. ಮೊದಲು ಓದಿ ಮುಗಿಸಬೇಕು, ಮನಸ್ಸಿನಲ್ಲಿ ಕಟ್ಟಿಕೊಂಡ ಕೋಟೆ ಹಾಳಾಗಬಾರದು ಅನ್ನುತ್ತಾನೆ. ಅವನ ಮಾತಲ್ಲೂ ಹುರುಳಿದೆ.

ಕೊನೆ ಗೊತ್ತಿದ್ದ ಮೇಲೆ ಓದೋಕೆ ಏನಿದೆ ಅಂತ ಕೆಲವರು ಕೇಳುತ್ತಾರೆ. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು ಅಂತ ಶಾಲೆಯಲ್ಲೇ ಓದಿರುತ್ತೇವೆ, ಅಲ್ವಾ? ಆದರೂ ಓದುತ್ತಾ ಓದುತ್ತಾ, ಈ ಸಲವಾದರೂ ಉಳಿಯಲಿ ಅಂತ ಮನಸ್ಸು ಬೇಡಿಕೊಳ್ಳುತ್ತೆ. ಕೊನೆಯ ಭಾಗವನ್ನು ಬಸ್ಸಿನಲ್ಲಿ, ಆಫೀಸಿನ ಬಿಡುವಿನಲ್ಲಿ ಚೂರುಚೂರಾಗಿ ಓದಬೇಡಿ. ಒಂದು ಭಾನುವಾರ ಎತ್ತಿಡಿ. ಅಳು ಬಂದರೆ ಅತ್ತುಬಿಡಿ, ನಮ್ಮ ಮನೆಯಲ್ಲಿ ಎಲ್ಲರೂ ಅತ್ತಿದ್ದೇವೆ.

ಇನ್ನೊಂದು ವಿಷಯ. ತ.ರಾ.ಸು. ಹುಟ್ಟಿದ್ದು ನಿಮ್ಮ ಕಡೆಯ ಮಲೇಬೆನ್ನೂರಿನಲ್ಲಿ. ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತೆ.

ಮೊದಲು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಲೇಬೇಕಾ ಅಂತಲೂ ಕೇಳಿದ್ದೀರಿ. ಬೇಕಿಲ್ಲ. ಅವು ದುರ್ಗದ ಇನ್ನೂ ಹಿಂದಿನ ಕಾಲದ ಕಥೆಗಳು. ಇದನ್ನು ಮುಗಿಸಿದ ಮೇಲೆ ನೀವೇ ಲೈಬ್ರರಿಯಲ್ಲಿ ಅವನ್ನು ಹುಡುಕಿಕೊಂಡು ಹೋಗ್ತೀರಿ.